ಮುನಿಸಿನ ನಡುವೆ ಒಂದು ಕಾರು

...ಅಥವಾ ಅವತ್ತು ನಾವು ಕೋರಾಡಿಯ ದೇವಿಯ ಗುಡಿಗೆ ಹೊರಟದ್ದೇ ಅಲ್ಲವೋ ಏನೋ. ಅಲ್ಲಿಂದ ಮರಳುವಾಗಲೂ ಇರಬಹುದು. ಬಿಸಿಲಂತೂ ಇತ್ತು. ಆದರೆ ನಾಗಪುರದ ಯಾವ ನೆನಪಿನಲ್ಲಿ ಬಿಸಿಲಿಲ್ಲ? ಅದನ್ನು ಸಾಕ್ಷಿಗೆ ಕರೆಯುವ ಹಾಗಿಲ್ಲ. ನೆನಪಿನಲ್ಲಿ ನಾನು ಯಾವಾಗಲೂ ಸ್ವಲ್ಪ ತೆಳ್ಳಗೆ, ಸ್ವಲ್ಪ ನಿರಪರಾಧಿಯಾಗಿ ಕಾಣುತ್ತೇನೆ. ಆದ್ದರಿಂದ ನನ್ನನ್ನೂ ಪೂರ್ತಿ ನಂಬಬೇಡಿ. ಖಚಿತವಾಗಿರುವುದು ಇಷ್ಟೇ: ಹೆಂಡತಿ ಸುಮಿತ್ರಾ ಪಕ್ಕದ ಸೀಟಿನಲ್ಲಿದ್ದಳು, ನನ್ನೊಡನೆ ಮಾತು ಬಿಟ್ಟಿದ್ದಳು.

ಕಾರಣ ಹೊಸ ವಿದ್ಯುತ್ ಕಾರು. ಹಳೆಯದರಲ್ಲಿ ಎಸಿಗೊಂದು ಗುಂಡಿಯಿತ್ತು. ಕೈ ತಾನೇ ಹೋಗಿ ತಿರುಗಿಸಿ ಬರುತ್ತಿತ್ತು, ಕಣ್ಣಿಗೆ ಸುದ್ದಿಯೇ ತಿಳಿಯುತ್ತಿರಲಿಲ್ಲ. ಇದರಲ್ಲಿ ಎಲ್ಲವೂ ಒಂದು ಪರದೆಯೊಳಗೆ. ತಂಪು ಗಾಳಿ ಬೇಕೆಂದರೆ ಒಂದು ಚಿತ್ರ ಒತ್ತಬೇಕು, ಅದು ಇನ್ನೊಂದರ ಕಡೆ ಕಳಿಸುತ್ತದೆ, ಅದು ಮತ್ತೊಂದರ ಕಡೆ. ಸರ್ಕಾರಿ ಕಚೇರಿಯವನಾದ ನನಗೆ ಈ ಪದ್ಧತಿ ಹೊಸದಲ್ಲ. ಆದರೆ ನನಗೆ ಕಳಿಸಿ ಅಭ್ಯಾಸ, ಅಲೆದು ಅಲ್ಲ. ಮನೀಶ್ ನಗರ ದಾಟುವ ಮೊದಲೇ ಸುಮಿತ್ರಾ, "ರಸ್ತಾ ನೋಡ್ರಿ, ಟಿವಿ ಮನ್ಯಾಗ ನೋಡೀರಂತ" ಎಂದಳು. "ನಿನಗಿದು ತಿಳಿಯಂಗಿಲ್ಲ, ಸುಮ್ನ ಕೂಡು" ಎಂದೆ. ದಿನವಿಡೀ ಬ್ಯಾಂಕಿನ ಕಂಪ್ಯೂಟರಿನೆದುರು ಕೂರುವವಳಿಗೆ ಹೇಳುವ ಮಾತಲ್ಲ. ಅವಳು ಸುಮ್ಮನೆ ಕೂತಳು, ಪೂರ್ತಿಯಾಗಿ.

ನಮ್ಮಲ್ಲಿ ಮುನಿಸಿಗೊಂದು ವ್ಯವಸ್ಥೆಯಿತ್ತು. ಅವ್ವ ನಡುವೆ ಕೂರುತ್ತಿದ್ದಳು. "ಅತ್ತಿ, ನಿಮ್ಮ ಮಗಗ ಹೇಳ್ರಿ, ಚಹಾ ಆರತೈತಿ." "ಅವ್ವಾ, ನಿನ್ನ ಸೊಸಿಗೆ ಹೇಳು, ನನಗ ಬ್ಯಾಡ." ಅವ್ವ ಎರಡೂ ಕಡೆಯ ಮುಳ್ಳು ತೆಗೆದು ಮಾತು ದಾಟಿಸುತ್ತಿದ್ದಳು. ಅವಳು ಹೋದ ಮೇಲೆ ನಮ್ಮ ಮುನಿಸುಗಳು ಉದ್ದವಾಗಿವೆ. ದಣಿದು ಹೋಗುತ್ತೇನೆ.

ವರ್ಧಾ ರಸ್ತೆಯ ಸಿಗ್ನಲಿನಲ್ಲಿ ಗಾಳಿಗೆಂದು ಒತ್ತಿದೆ, ವೈಪರ್ ಶುರುವಾಯಿತು. ಒಣಗಾಜಿನ ಮೇಲೆ ಕರಕರ. ಪಕ್ಕದ ಸ್ಕೂಟರಿನವನು ಮೋಡವೇ ಇಲ್ಲದ ಆಕಾಶ ನೋಡಿ, "ಕಾಯ್ ಕಾಕಾ, ಪಾವೂಸ್ ಘೇವೂನ್ ಆಲಾ ಕಾ?" ಎಂದ. ಹೌದಪ್ಪ, ಮಳೆಯನ್ನು ಡಿಕ್ಕಿಯಲ್ಲೇ ತಂದಿದ್ದೇನೆ.

ಆಗ ಸುಮಿತ್ರಾ ಬಾಯಿ ತೆರೆದಳು, ಕಾರಿನೊಡನೆ. "ವೈಪರ್ ಬಂದ್ ಕರೋ." ನಿಂತಿತು. "ಎಸಿ ತೇಜ್ ಕರೋ." ತಂಪಾಯಿತು. ನಾನು ಎಷ್ಟು ಒತ್ತಿದರೂ ಕೇಳದ ಕಾರು ಅವಳ ಮಾತಿಗೆ "ಜೀ" ಎಂದಿತು. ಆ ಕಾರು ಒಮ್ಮೆ ಕರೆದರೆ ಕೆಲಹೊತ್ತು ಕಿವಿ ತೆರೆದೇ ಇರುತ್ತದೆ. ಅದು ಗೊತ್ತಿದ್ದೋ ಇಲ್ಲದೆಯೋ, ಅವಳು ಮುಂದಿನ ರಸ್ತೆಯನ್ನೇ ನೋಡುತ್ತ ಕನ್ನಡದಲ್ಲಿ, "ಹಿಂದಿನ ಚೀಲದಾಗ ಮಜ್ಜಗಿ ಐತಿ" ಎಂದಳು.

ಕಾರು ಮಜ್ಜಿಗೆ ಕುಡಿಯುವುದಿಲ್ಲ. ಮಾತು ನನಗೇ. ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ, ಕನ್ನಡ ತಿಳಿಯದ ಕಾರು ಕ್ಷಮೆ ಕೇಳಿತು: "ಮಾಫ್ ಕೀಜಿಯೇ."

"ನೋಡ್ರಿ, ಒಬ್ಬರಾದ್ರೂ ಅಂದ್ರಲ್ಲ" ಎಂದು ಸುಮಿತ್ರಾ ನಕ್ಕಳು.

ಆಮೇಲೆ ನಾನೂ ಅದನ್ನೇ ಹೇಳಿದೆ ಎಂದು ನನ್ನ ನೆನಪು. ಹೇಳಲು ಹೊರಟದ್ದು ಮಾತ್ರವೂ ಇರಬಹುದು. ಸಿಗ್ನಲ್ ಬಿಟ್ಟಿತ್ತು, ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು. ಮಜ್ಜಿಗೆ ಕುಡಿದದ್ದು ನಿಜ. ಅದು ನಾನು ಕೇಳಿದ ಕ್ಷಮೆಗೆ ಸಿಕ್ಕಿತೋ, ಕಾರು ಕೇಳಿದ್ದಕ್ಕೋ, ನನಗೆ ಗೊತ್ತಿಲ್ಲ.