ನಮ್ಮ ಪಿಕಪ್ಪು ನಿಲ್ಲಲು ಕಲಿತದ್ದು

ಹಳೇ ಗಾಡಿ ಇಟ್ಟುಕೊಂಡವನ ಮನೆಯಲ್ಲಿ ನಗುವಿಗೆ ಬರವಿಲ್ಲ. ನನ್ನ ಪಿಕಪ್ಪಿಗೆ ನನಗಿಂತ ಹೆಚ್ಚು ವಯಸ್ಸು. ತಾಂಡ್ಯದ ಫ್ಯಾಕ್ಟರಿಯಲ್ಲಿ ದುಡಿದದ್ದನ್ನೆಲ್ಲ ಅದಕ್ಕೇ ಸುರಿದಿದ್ದೇನೆ. ಓಡುವುದರಲ್ಲಿ ಅದು ಎಂದೂ ಕೈಕೊಟ್ಟಿಲ್ಲ, ತಕರಾರೆಲ್ಲ ನಿಲ್ಲುವುದರಲ್ಲೇ.

ತವರು ಹಿಂದಕ್ಕೆ ಹೋಯಿತು

ಹೋದ ವರ್ಷದ ಗೌರಿಹಬ್ಬಕ್ಕೆ ಹೆಂಡತಿಯನ್ನು ಕೂರಿಸಿಕೊಂಡು ಅವಳ ತವರು ಹೆಮ್ಮಿಗೆಗೆ ಹೋದೆ. ಅತ್ತೆ ಕಾಲಿಗೆ ನೀರು ಕೊಡಲು ಚೊಂಬು ಹಿಡಿದು ಬಾಗಿಲಲ್ಲೇ ನಿಂತಿದ್ದರು. ಬ್ರೇಕ್ ಒತ್ತಿದೆ. ನಮ್ಮ ಡ್ರಮ್ ಬ್ರೇಕು ಸ್ವಲ್ಪ ಯೋಚನೆ ಮಾಡಿ, ನಾಲ್ಕು ಮನೆ ದಾಟಿ ನಿಂತಿತು. ಆ ಮನೆಯಾಕೆ ತನ್ನ ಮನೆಗೇ ನೆಂಟರು ಬಂದರೆಂದು ಚಾಪೆ ಹಾಸಿದಳು. ಅತ್ತೆ ಚೊಂಬು ಹಿಡಿದು ಹಿಂದಿನಿಂದ ಓಡಿ ಬಂದರು.

ಹೆಂಡತಿ ಇಳಿದವಳೇ ಹೇಳಿದಳು: "ಇನ್ನು ಈ ಗಾಡೀಲಿ ನಾನು ಕೂರಾಕಿಲ್ಲ. ಬರೋ ಗೌರಿಹಬ್ಬದೊಳ್ಗೆ ನಿಲ್ಲೋದು ಕಲೀದಿದ್ರೆ ಗುಜರಿಗೆ ಆಕ್ಬುಡಿ. ಅಂಗೇ ನೀವೂ ಅದ್ರಲ್ಲೇ ಅತ್ಕಂಡೋಗಿ."

ಅವ್ವನ ಉಪಚಾರ

ಈ ವರ್ಷ ಹಬ್ಬ ಹತ್ತಿರವಾದಾಗ ಹೆದರಿ ಮೆಕ್ಯಾನಿಕ್ಕನನ್ನು ಕರೆಸಿದೆ. ಅವನು ಚಿಕ್ಕಯ್ಯನಛತ್ರದ ನಮ್ಮ ಹಿತ್ತಲಲ್ಲೇ ಮುಂದಿನ ಚಕ್ರಗಳ ಡ್ರಮ್ಮು ಬಿಚ್ಚಿ ಡಿಸ್ಕು ಕೂರಿಸಿದ. ಬೋಗುಣಿಯಂಥದ್ದು ಹೋಗಿ ತಟ್ಟೆಯಂಥದ್ದು ಬಂತು.

"ಒತ್ತಿದ್ರೆ ತಟ್ಟೆನ ಎರಡೂ ಕಡೆಯಿಂದ ಇಡ್ಕತದೆ ಸಾ, ಮೂಗು ಇಡ್ದಂಗೆ!" ಎಂದ.

ಮರುದಿನ ಬೆಳಿಗ್ಗೆ ಹಿತ್ತಲಲ್ಲೇ ಓಡಿಸಿ ನೋಡಿದೆವು. ಒತ್ತಿದೆ. ಗಾಡಿ ಹಿಡಿತಕ್ಕೇ ಸಿಗದೆ ನೇರವಾಗಿ ಹುಲ್ಲಿನ ಮೆದೆಯೊಳಗೆ ಹೋಗಿ ಕೂತಿತು. ಮೆಕ್ಯಾನಿಕ್ ತಲೆ ಮೇಲೆ ಕೈ ಹೊತ್ತ. ಅಷ್ಟರಲ್ಲಿ ಅವ್ವ ಖುಷಿಯಿಂದ ಬಂದಳು.

"ವಸಾ ಕಬ್ಬಿಣ, ತುಕ್ಕು ಇಡೀತದೆ ಅಂತ ಉಲ್ಲು ಕುಯ್ಯೋ ಕುಡ್ಲಿಗೆ ಸವರೋ ಅಂಗೆ ಎರಡು ತಟ್ಟೆಗೂ ಅರಳೆಣ್ಣೆ ಉಜ್ಜಿವ್ನಿ ಕಣ್ಲಾ. ಎಂಗೆ ನುಣ್ಣಗೆ ಓಯ್ತು ನೋಡ್ದಾ!"

ನಿಂಬೆಹಣ್ಣಿನ ಪರೀಕ್ಷೆ

ಡಿಸ್ಕು ತೊಳೆದು, ಅದನ್ನು ಹಿಡಿಯುವ, ಎಣ್ಣೆ ಕುಡಿದ ಬ್ರೇಕ್ ಪ್ಯಾಡು ಬದಲಾಯಿಸಿದ್ದಾಯಿತು. ಗೌರಿಹಬ್ಬದ ಬೆಳಿಗ್ಗೆ ಗಾಡಿಗೆ ಪೂಜೆ. ಪೂಜಾರಪ್ಪ ಚಕ್ರದ ಕೆಳಗೆ ಇಡಲು ನಿಂಬೆಹಣ್ಣು ತೆಗೆದರೆ, ಹೆಂಡತಿ ಅದನ್ನು ಕಸಿದು ಬೀದಿಯ ಆ ತುದಿಯಲ್ಲಿ ಇಟ್ಟು ಬಂದಳು.

"ಜೋರಾಗಿ ಬನ್ನಿ. ಅದ್ನ ಮುಟ್ದಂಗೆ ನಿಲ್ಸಿದ್ರೆ ಕೂರ್ತೀನಿ. ಇಲ್ಲಾಂದ್ರೆ ನಾನು ಬಸ್ಗೆ, ಗಾಡಿ ಗುಜರಿಗೆ."

ಬೀದಿಯ ಎರಡೂ ಬದಿ ಜನ ಸೇರಿತು. ಜೋರಾಗಿ ಬಂದೆ, ಒತ್ತಿದೆ. ಗಾಡಿ ಮೂಗು ಹಿಡಿದಂತೆ ಗಕ್ಕನೆ ನಿಂತಿತು! ಇಳಿದು ನೋಡಿದರೆ ಚಕ್ರಕ್ಕೂ ನಿಂಬೆಹಣ್ಣಿಗೂ ನಡುವೆ ಒಂದು ಗೇಣು. ಜನ ಶಿಳ್ಳೆ ಹೊಡೆದರು. ಮೆಕ್ಯಾನಿಕ್ಕೂ ನಾನೂ ತಬ್ಬಿಕೊಂಡು ಕುಣಿದೆವು. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಪೂಜಾರಪ್ಪ ಮಾತ್ರ ಬಾಯಿ ಬಡಿದುಕೊಂಡರು: "ಅಯ್ಯೋ, ಅದ್ರ ಮ್ಯಾಕೆ ಅತ್ತಿಸ್ಬೇಕು ಕಣಪ್ಪಾ! ಇಲ್ದಿದ್ರೆ ಪೂಜೆ ಆಗಾಕಿಲ್ಲ!"

ನಾನು ಮತ್ತೆ ಸ್ಟಾರ್ಟ್ ಮಾಡಿದೆ. ಹೆಂಡತಿ ಓಡಿ ಬಂದು ನಿಂಬೆಹಣ್ಣನ್ನು ಎತ್ತಿ ಸೆರಗಿಗೆ ಗಂಟು ಹಾಕಿಕೊಂಡು, ಮುಂದಿನ ಸೀಟಿನಲ್ಲಿ ಕೂತೇ ಬಿಟ್ಟಳು.

"ನಡೀರಿ ಹೆಮ್ಮಿಗೆಗೆ. ಈ ಗಾಡಿಗೆ ಅಡ್ಡ ಸಿಕ್ಕೂ ಬದುಕಿರೋದು ಇದೊಂದೇ. ನಮ್ಮವ್ವಂಗೆ ತೋರಿಸ್ಬೇಕು!"