ಟೀಚರ್ ಬರುತ್ತಾರೆಂದು ಗೋಡೆಗೆ ಸುಣ್ಣ ಹೊಡೆದದ್ದು

ಮನೆಗೆ ಯಾರಾದರೂ ಬರುವ ಮುಂಚೆ ಏನೇನು ಮಾಡಬೇಕೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೊಮ್ಮಗಳು ಸವಿತಾಳ ಡ್ರಾಯಿಂಗ್ ಟೀಚರ್ ಶನಿವಾರ ಸಂಜೆ ನಮ್ಮ ದೊಡ್ಡಗಾಜನೂರಿಗೆ ಬರುತ್ತಾರೆಂದು ತಿಳಿಯಿತು. ಬೆಳಿಗ್ಗೆ ಅವಳು ಡೇರಿಗೆ ಹಾಲು ಹಾಕಲು ಹೋದ ಕೂಡಲೇ ಅಂಗಳ ಸಾರಿಸಿದೆ, ಸುಣ್ಣ ಕಲಸಿದೆ. ಜಗಲಿಯ ಗೋಡೆಯ ಮೇಲೆ ಹುಡುಗಿ ವಾರವೆಲ್ಲ ಇದ್ದಿಲು, ಕೆಮ್ಮಣ್ಣು ಮೆತ್ತಿ ಗಲೀಜು ಮಾಡಿದ್ದಳು. ಅದರ ಮೇಲೂ ಚೆನ್ನಾಗಿ ಬಳಿದೆ. ಗೋಡೆ ಹಾಲಿನಂತಾಯಿತು!

ಸವಿತಾ ಬಂದವಳು ಕ್ಯಾನು ಕೆಳಗಿಟ್ಟಳು.

"ಟೀಚರ್ ಬತ್ತಿರೋದೇ ಆ ಚಿತ್ರ ನೋಡಕ್ಕೆ ಕಣಜ್ಜಿ."

ಮಕ್ಕಳೆಲ್ಲ ಅವರವರ ಮನೆ ಗೋಡೆಯ ಮೇಲೆ ಚಿತ್ರ ಬರೆಯಬೇಕಂತೆ. ಚೆನ್ನಾಗಿ ಬರೆದವರಿಗೆ ಶಾಲೆಯ ಹೊಸ ಗೋಡೆ ಬಿಟ್ಟುಕೊಡುತ್ತಾರಂತೆ. ನಾನು ಗಲೀಜು ಎಂದುಕೊಂಡದ್ದು ನಮ್ಮ ಹಸು ಗೌರಿಯಂತೆ!

ಚಿತ್ರ ಬರೆದರೆ ಅನ್ನ ಬೇಯುವುದಿಲ್ಲ, ಆ ಹೊತ್ತಿನಲ್ಲಿ ಲೆಕ್ಕ ಕಲಿಸಲಿ ಎಂದು ಊರೆಲ್ಲ ಹೇಳಿಕೊಂಡು ಬಂದವಳು ನಾನು. ಆದರೆ ಹುಡುಗಿ ಹೋಗಿ ಕೊಟ್ಟಿಗೆಯ ಹಿಂದೆ ಕುಳಿತವಳು ಊಟಕ್ಕೂ ಏಳಲಿಲ್ಲ. ಗೋಡೆ ಆರಿದ ಮೇಲೆ ನಾನೇ ಇದ್ದಿಲು ಹಿಡಿದೆ. ಗೌರಿಯ ಹಾಲು ಕರೆಯುವವಳು ನಾನು. ನನಗಿಂತ ಚೆನ್ನಾಗಿ ಅವಳನ್ನು ಬಲ್ಲವರು ಯಾರು?

ಹೊಟ್ಟೆ ಸಲೀಸಾಗಿ ಬಂತು. ಮುಖಕ್ಕೆ ಬಂದಾಗ ಕೈ ನಿಂತಿತು. ಕಿವಿ ಇರುವುದು ಕೊಂಬಿನ ಮುಂದೋ, ಕೆಳಗೋ? ಕೊಟ್ಟಿಗೆಗೆ ಹೋಗಿ ನೋಡಿ ಬಂದೆ. ಬರುವಷ್ಟರಲ್ಲಿ ಹಿಂಗಾಲು ಯಾವ ಕಡೆ ಮಡಚುತ್ತದೆಂಬ ಅನುಮಾನ ಬಂತು. ಮತ್ತೆ ಹೋದೆ. ಗೌರಿಯೇ ನನ್ನನ್ನು ಅನುಮಾನದಿಂದ ನೋಡತೊಡಗಿದಳು.

ಪಕ್ಕದ ಮನೆ ಮಾದಮ್ಮ ಬೇಲಿಯ ಮೇಲಿಂದ ಇಣುಕಿದಳು.

"ಏನಕ್ಕ, ಅಂದಿ ಬರೀತಿದ್ದೀಯ?"

"ಅಸು ಕಣವ್ವ."

"ಅಂಗಾರೆ ವಸಿ ಜಾಸ್ತೀನೆ ತಿನ್ಸಿದ್ದೀಯ ಬುಡು."

ಅಷ್ಟರಲ್ಲಿ ಟೀಚರ್ ಬಂದೇಬಿಟ್ಟರು. ಗೋಡೆಗೆ ಅಡ್ಡ ನಿಂತೆ. ಹೊಟ್ಟೆ ಎರಡು ಕಡೆಯೂ ಕಾಣುತ್ತಿತ್ತು, ಹಸುವಿನದು!

"ಮಗೀನ ಚಿತ್ರದ ಮೇಲೆ ನಾನೇ ಸುಣ್ಣ ಒಡ್ದುಬುಟ್ಟೆ ಟೀಚರಮ್ಮ. ಇದು ನನ್ನ ಕೆಲಸ. ಅವಳ್ನ ಮಾತ್ರ ಕೈಬುಟ್ಟುಬುಡಬೇಡಿ" ಎಂದೆ.

ಟೀಚರ್ ಬೈಯಲಿಲ್ಲ. ಸವಿತಾಳನ್ನು ಕರೆದು, ಈಗ ಕಣ್ಣಲ್ಲಿ ಏನಿದೆಯೋ ಅದನ್ನೇ ಬರಿ ಎಂದು ಇದ್ದಿಲು ಕೊಟ್ಟರು. ಅವಳು ನನ್ನ ಕಡೆ ಒಂದು ಸಲ ನೋಡಿದಳು, ಅಷ್ಟೇ. ಅನ್ನ ಬೇಯುವ ಹೊತ್ತಿಗೆ ಗೋಡೆಯ ಮೇಲೆ ನಾನೇ ಎದ್ದು ನಿಂತಿದ್ದೆ. ಎತ್ತಿ ಕಟ್ಟಿದ ಸೀರೆ, ಕೈಯಲ್ಲಿ ಸುಣ್ಣದ ಬ್ರಷ್ಷು, ಮೂಗಿನ ತುದಿಗೆ ಸುಣ್ಣ, ತೆರೆದ ಬಾಯಿ.

ಇಷ್ಟನ್ನೆಲ್ಲ ಯಾವಾಗ ನೋಡಿಕೊಂಡಳೋ! ದಿನಾ ಕೆಚ್ಚಲು ಹಿಡಿಯುವ ನನಗೆ ಗೌರಿಯ ಕಿವಿ ಎಲ್ಲಿದೆಯೆಂದು ಗೊತ್ತಿರಲಿಲ್ಲ. ನಾನು ಓದಿದ ಎರಡನೇ ಕ್ಲಾಸಿನಲ್ಲಿ ನೋಡುವುದನ್ನು ಯಾರೂ ಕಲಿಸಲಿಲ್ಲ.

ಶಾಲೆಯ ಗೋಡೆ ಸವಿತಾಳಿಗೇ ಸಿಕ್ಕಿತು. ಗೇಟಿನ ಪಕ್ಕದಲ್ಲೇ ಆಳೆತ್ತರಕ್ಕೆ ನನ್ನನ್ನು ನಿಲ್ಲಿಸಿದ್ದಾಳೆ. ಮಾದಮ್ಮ ಹೋಗಿ ನೋಡಿ ಬಂದಳು.

"ಮಿಕ್ಕಿದ್ದು ಸುಮಾರಾಗದೆ ಕಣಕ್ಕ. ಬಾಯಿ ಮಾತ್ರ ನಿಂದೇಯ."

ನಾನು ಬಾಯಿ ಮುಚ್ಚಿಕೊಂಡೆ. ಶಾಲೆಯ ಗೋಡೆಯ ಮೇಲಿನದು ಮಾತ್ರ ತೆರೆದೇ ಇದೆ.