ನೀಲವ್ವನಿಗೆ ತಲೆಬಾಗಿದ ಹೊಸ್ತಿಲು

"ಅಕ್ಕಾ, ಬಾ! ಹೆದರಬ್ಯಾಡ! ನಾ ಅದೀನಲ್ಲ!"

"ನೀ ಅದೀ ಅಂತನ ಹೆದರಿಕಿ," ಎಂದಳು ನೀಲವ್ವ.

ಎಪ್ಪತ್ತೆಂಟರ ನೀಲವ್ವ ನಡುಮನೆಯಲ್ಲಿ ಕೋಲೂರಿ ನಿಂತಿದ್ದಳು. ಹೊರಗೆ ಕಟ್ಟೆಯ ಮೇಲೆ ಅವಳ ತಮ್ಮ ಚನ್ನವೀರಪ್ಪ ಎರಡೂ ಕೈ ಚಾಚಿ ನಿಂತಿದ್ದ. ಬಸ್ ಡಿಪೋದಲ್ಲಿ ಮೂವತ್ತೆರಡು ವರ್ಷ ಮೆಕ್ಯಾನಿಕ್ ಆಗಿದ್ದು ನಿವೃತ್ತನಾದವನು. ಬಸ್ಸುಗಳು ಅವನನ್ನು ಬಿಟ್ಟಿದ್ದವು. ಅವನು ಬಸ್ಸುಗಳನ್ನು ಬಿಟ್ಟಿರಲಿಲ್ಲ. ಅವನು ಬಸ್ಸಿನ ಗೇರ್ ಜೋಡಿಸಿ ಮಾಡಿದ ತೊಟ್ಟಿಲು ರಿವರ್ಸಿನಲ್ಲಿ ಹೋಗಿ ಹಿತ್ತಲು ಸೇರಿದ ಕತೆ ನರಗುಂದದಲ್ಲಿ ಇನ್ನೂ ಹಳೆಯದಾಗಿಲ್ಲ. (ಕೂಸು ಮಾತ್ರ ನಗುತ್ತಲೇ ಇತ್ತು.)

ಅಕ್ಕ ತಮ್ಮಂದಿರ ನಡುವೆ ಇದ್ದದ್ದು ಒಂದು ಗೇಣೆತ್ತರದ ತೇಗದ ಹೊಸ್ತಿಲು. ನೀಲವ್ವ ಸೊಸೆಯಾಗಿ ಬಂದ ದಿನ ಬಲಗಾಲಿನಿಂದ ಅಕ್ಕಿಯ ಸೇರು ಉರುಳಿಸಿದ್ದು ಇದರ ಮೇಲೆಯೇ. ಐವತ್ತೊಂಬತ್ತು ವರ್ಷ ದಿನಾ ಬೆಳಿಗ್ಗೆ ಅರಿಸಿನ ಕುಂಕುಮ ಇಟ್ಟು ಕೈಮುಗಿದದ್ದು ಇದಕ್ಕೇ. ಹೋದ ಶ್ರಾವಣದಲ್ಲಿ ಅವಳನ್ನು ಎಡವಿಸಿ ಮುಂಗೈ ಮುರಿದದ್ದೂ ಇದೇ. ದೈವ ಒಂದೇ, ಅದರ ಕೈ ಎರಡು.

ಅಂದಿನಿಂದ ಸೊಸೆ ಅನಸೂಯಾ ಅವಳನ್ನು ಹೊರಗೆ ಬಿಟ್ಟಿರಲಿಲ್ಲ. "ಅತ್ತೀ, ಇನ್ನೊಮ್ಮೆ ಬಿದ್ರ ಸೊಂಟ ಹೋಗತೈತ್ರೀ! ಸೋಮವಾರ ಗೌಂಡಿ ಮಾಬೂಸಾಬ ಬರತಾನ. ಹೊಸ್ತಿಲ ಕಿತ್ತು ನೆಲ ಸಪಾಟ ಮಾಡಸೂದ!"

"ಹೊಸ್ತಿಲ ಇಲ್ಲಂದ್ರ ಲಕ್ಷ್ಮಿ ಎಲ್ಲಿ ನಿಂದರಬೇಕ? ಬಸ್ ಸ್ಟ್ಯಾಂಡಿನ್ಯಾಗೇನು?" ಎಂದು ನೀಲವ್ವ ಎರಡು ದಿನ ಊಟ ಬಿಟ್ಟಳು.

ಆಗ ಬಂದವನು ಚನ್ನವೀರಪ್ಪ. ಅವನಿಗೆ ಹೊಸ್ತಿಲೆಂದರೆ ಬರೀ ಕಟ್ಟಿಗೆ. ಚಪ್ಪಲಿ ಮೆಟ್ಟಿಯೇ ದಾಟುವವ, ಹುಟ್ಟಿದಂದಿನಿಂದ ಒಮ್ಮೆಯೂ ಅದಕ್ಕೆ ತಲೆ ಬಗ್ಗಿಸಿದವನಲ್ಲ. ಆದರೆ ಅಕ್ಕನ ಕಣ್ಣೀರು ಕಟ್ಟಿಗೆಯಲ್ಲವಲ್ಲ!

"ಹೊಸ್ತಿಲ ಕೆಳಗ ಬಸ್ಸಿನ ಗಾಳಿ ಬ್ರೇಕಿನ ಸಿಲಿಂಡರು ನಾಕು!" ಎಂದು ಈಗ ಓಣಿಗೆಲ್ಲ ಕೇಳುವಂತೆ ಸಾರಿದ. "ಚೌಕಟ್ಟಿನ್ಯಾಗ ಒಂದು ಯಂತ್ರದ ಕಿವಿ! ವಯಸ್ಸಾದವರ ಮೊಣಕಾಲು ಕಟಕ್ ಅಂತಾವಲ್ಲ, ಅದನ್ನ ಕೇಳಿದ್ರ ಸಾಕು, ಹೊಸ್ತಿಲ ತಾನ ಇಳೀತೈತಿ. ದಾಟಿದ ಮ್ಯಾಲ ತಾನ ಏಳತೈತಿ. ಮೊಣಕಾಲಿನ ಸಪ್ಪಳ ಎಷ್ಟೋ, ಮರ್ಯಾದಿ ಅಷ್ಟು!"

ನೀಲವ್ವ ಶಿವನಾಮ ನೆನೆದು ಹೆಜ್ಜೆಯಿಟ್ಟಳು. ಕಟಕ್! ಪುಸ್ಸ್ಸ್! ಹೊಸ್ತಿಲು ಹೊಸ ಸೊಸೆಯಂತೆ ಬಾಗಿ ನೆಲಕ್ಕಿಳಿಯಿತು. ನೀಲವ್ವ ದಾಟಿದಳು. ಐದು ತಿಂಗಳ ಮೇಲೆ ಓಣಿಯ ಬಿಸಿಲು ಅವಳ ಮುಖ ಮುಟ್ಟಿತು.

ಮರುದಿನ ಬೆಳಿಗ್ಗೆ ಅವಳು ಅರಿಸಿನದ ಬಟ್ಟಲು ಹಿಡಿದು ಪೂಜೆಗೆ ಬಂದಳು. ಬಗ್ಗಿದಳು. ಕಟಕ್! ಪುಸ್ಸ್ಸ್! ಕುಂಕುಮ ಗಾಳಿಗೆ ಹೋಯಿತು. ಹಿಂದೆ ಸರಿದಳು, ಹೊಸ್ತಿಲು ಎದ್ದಿತು. ಮತ್ತೆ ಬಗ್ಗಿದಳು, ಮತ್ತೆ ಇಳಿಯಿತು. ಹೀಗೆ ಏಳು ಸಲ!

"ಚನ್ನವೀರಾ! ನಾ ಇದಕ್ಕ ನಮಸ್ಕಾರ ಮಾಡಾಕ ಬಂದ್ರ ಇದ ನನಗ ಮಾಡಾಕತ್ತೈತಲೋ! ಪಾಪ ಯಾರಿಗೆ ಸುತ್ತಕೋತೈತಿ?"

"ಮಷಿನ್ನಿಗೆ ಪಾಪ ಇಲ್ಲಕ್ಕಾ."

"ಮಾಡಿದವಗ ಐತಲ್ಲ!"

ಚನ್ನವೀರಪ್ಪ ಸ್ಕ್ರೂಡ್ರೈವರ್ ತೆಗೆದ. ಬಗ್ಗುವ ಮೊಣಕಾಲು ಯಾವುದು, ನಡೆಯುವ ಮೊಣಕಾಲು ಯಾವುದು ಎಂದು ಗುರುತಿಸುವಂತೆ ಯಂತ್ರದ ಕಿವಿಯನ್ನು ಚುರುಕು ಮಾಡಿದ. ಪೂಜೆಯೇನೋ ನಡೆಯಿತು. ಆದರೆ ಕಿವಿ ಎಷ್ಟು ಚುರುಕಾಯಿತೆಂದರೆ, ಅಡುಗೆಮನೆಯಲ್ಲಿ ಅನಸೂಯಾ ಹಪ್ಪಳ ಮುರಿದರೆ ಹೊಸ್ತಿಲು ಇಳಿಯಿತು! ಒಗ್ಗರಣೆಯ ಸಾಸಿವೆ ಸಿಡಿದರೆ ಕುಣಿಯಿತು!

ಆ ಹೊತ್ತಿಗೇ ಪಕ್ಕದ ಮನೆಯ ವಿಮಲಾ ಅಕ್ಕೋರು ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದರು. ಕನ್ನಡ ಶಾಲೆಯ ಅಕ್ಕೋರು. ಏಳು ವರ್ಷದಿಂದ ಅವರಿಗೆ ಐವತ್ತೆರಡೇ ವಯಸ್ಸು. ಪುಸ್ಸ್ಸ್! ಹೊಸ್ತಿಲು ಅವರ ಕಾಲಿಗೆ ಬಿತ್ತು. ಅವರು ಹಿಂದೆ ಹೋಗಿ ತುದಿಗಾಲಲ್ಲಿ ಬಂದರು. ಪುಸ್ಸ್ಸ್! ಹುಡುಗಿಯಂತೆ ಹಾರಿ ಬಂದರು. ಕಟಕ್ ಕಟಕ್! ಪುಸ್ಸ್ ಪುಸ್ಸ್!

"ನಿಮ್ಮ ಕಟ್ಟಿಗಿಗೆ ಲೆಕ್ಕ ಬರಂಗಿಲ್ಲ!" ಎಂದು ಮಜ್ಜಿಗೆ ಬಿಟ್ಟೇ ಹೊರಟುಹೋದರು.

"ಮಾವಾರ, ಸೋಮವಾರ ಮಾಬೂಸಾಬ ಬರೂದ ಖರೆ," ಎಂದಳು ಅನಸೂಯಾ.

ನೀಲವ್ವ ಹೊಸ್ತಿಲ ಬಳಿ ಕೂತು ಮೆಲ್ಲಗೆ, "ನಾಳೆ ಒಂದಿನ ಸರಳ ನಡಕೋ ನನ್ನಪ್ಪಾ. ಇಲ್ಲಂದ್ರ ನಿನ್ನ ಒಲಿಗೆ ಹಾಕತಾರ," ಎಂದಳು.

ಭಾನುವಾರ ಸಂಜೆ ಭಜನೆ ಮೇಳದ ಹನ್ನೊಂದು ಮುದುಕಿಯರು ಯಂತ್ರ ನೋಡಲು ಬಂದರು. ಹೊಸ್ತಿಲು ಒಬ್ಬೊಬ್ಬರಿಗೂ ಇಳಿದು, ಎದ್ದು, ಮಠದ ಶಿಷ್ಯನಂತೆ ನಡೆದುಕೊಂಡಿತು. ನೀಲವ್ವ ಕೋಲು ಬಿಟ್ಟು ಮೂರು ಸಲ ಒಳಹೊರಗೆ ಓಡಾಡಿದಳು. ನೋಡಿನೋಡಿ ಅನಸೂಯಾಳ ಕಣ್ಣು ತುಂಬಿತು.

"ಆತು ಬಿಡ್ರೀ ಅತ್ತೀ. ಮಾಬೂಸಾಬಗ ಬರಬ್ಯಾಡ ಅಂತೀನಿ."

ನೀಲವ್ವನಿಗೆ ಹಿಡಿಸಲಾರದ ಹಿಗ್ಗು! "ಯಾರ ಕಣ್ಣೂ ಬೀಳದಿರಲಿ ನನ್ನ ತಮ್ಮಗ!" ಎಂದು ಎರಡೂ ಕೈಗಳಿಂದ ಅವನ ಮುಖ ನೀವಿ, ಬೆರಳುಗಳನ್ನು ತನ್ನ ಕಪಾಳಕ್ಕೊತ್ತಿ ಲಟಿಗೆ ಮುರಿದಳು. ಲಟಲಟಲಟ! ಒಬ್ಬಳು ದೃಷ್ಟಿ ತೆಗೆದರೆ ಉಳಿದವರು ಸುಮ್ಮನಿರುವುದು ಯಾವ ಊರಿನ ರೀತಿ? ಹನ್ನೊಂದು ಮುದುಕಿಯರೂ ಕೈಯೆತ್ತಿದರು.

ಹನ್ನೆರಡು ಜನ, ನೂರಿಪ್ಪತ್ತು ಬೆರಳು! ಹೊಸ್ತಿಲಿಗೆ ನೂರಿಪ್ಪತ್ತು ಮುದಿ ಮೊಣಕಾಲು ಒಟ್ಟಿಗೆ ನಡೆದು ಬಂದಂತೆ ಕೇಳಿಸಿತು. ಅಷ್ಟು ಮಂದಿ ಹಿರಿಯರಿಗೆ ಎಷ್ಟು ಬಗ್ಗಿದರೆ ಸಾಕು? ನೆಲದವರೆಗೆ ಇಳಿಯಿತು. ಸಾಲಲಿಲ್ಲ. ನೆಲದೊಳಗೆ ಮೂರು ಮೊಳ ಇಳಿಯಿತು!

"ಅಯ್ಯಯ್ಯೋ, ಪಾತಾಳ ಕಂಡಿತು ನನ್ನ ಹೊಸ್ತಿಲ!" ಎಂದು ನೀಲವ್ವ ಕೂಗಿದಳು.

"ಗಾಳಿ ತಿರುಗಸ್ತೀನಿ ತಡೀ!" ಎಂದು ಚನ್ನವೀರಪ್ಪ ಆ ಕುಳಿಗೆ ಹಾರಿ, ಹೊಸ್ತಿಲ ಮೇಲೆ ನಿಂತೇ ವಾಲ್ವು ತಿರುಗಿಸಿದ. ಇಳಿದ ಗಾಳಿಯೆಲ್ಲ ಒಮ್ಮೆಲೇ ಮೇಲೆದ್ದಿತು. ಹೊಸ್ತಿಲು ಚನ್ನವೀರಪ್ಪನನ್ನು ಹೊತ್ತು ಬಾಗಿಲ ತಲೆಪಟ್ಟಿಯವರೆಗೆ ಹಾರಿತು! ಮಾವಿನೆಲೆಯ ತೋರಣ ಅವನ ಕೊರಳಿಗೆ ಬಿತ್ತು, ಮದುಮಗನ ಹಾಗೆ! ಅವನು ಹೊರಗೆ ಉರುಳಿ ಭಜನೆಯವರ ನಡುವೆ ಬಿದ್ದ. ಹೊಸ್ತಿಲು ಮೆಲ್ಲಗೆ ಜಾರಿ, ಸೊಂಟದೆತ್ತರದಲ್ಲಿ ಕಟಕ್ ಎಂದು ಸಿಕ್ಕಿಕೊಂಡಿತು. ಹನ್ನೆರಡು ಜನ ಜಗ್ಗಿದರೂ ಅಲ್ಲಾಡಲಿಲ್ಲ.

ಗಲಾಟೆಯಲ್ಲಿ ಗೌಂಡಿಗೆ ಬರಬೇಡ ಎನ್ನಲು ಅನಸೂಯಾ ಮರೆತಿದ್ದಳು. ಸೋಮವಾರ ಮಾಬೂಸಾಬ ಹಾರೆ ಹಿಡಿದು ಬಂದು ತಲೆ ಕೆರೆದುಕೊಂಡ.

"ಯವ್ವಾ, ಹೊಸ್ತಿಲ ಕೀಳಾಕ ಬಂದೆ. ಇದು ಕಿಟಕಿ ಆಗೇತಲ್ರೀ!"

ಅನಸೂಯಾ ಬಗ್ಗಿ ನೋಡಿದಳು. ಯಂತ್ರದ ಕುಳಿಗೆ ಚನ್ನವೀರಪ್ಪ ಆಗಲೇ ಹಲಗೆ ಮುಚ್ಚಿದ್ದ. ನೆಲ ಅಂಗೈಯಷ್ಟು ಸಪಾಟು. ಎಡವಲು ಏನೂ ಉಳಿದಿರಲಿಲ್ಲ.

"ಹಾಂಗಾರ ಹಿತ್ತಲ ಬಾಗಿಲ ಮೆಟ್ಟಲಿಗೆ ಹಿಡಕೊಳ್ಳಾಕ ಒಂದು ಕಂಬಿ ಹಾಕಿ ಕೊಡಪಾ. ಅಲ್ಲಿ ಹೊಸ್ತಿಲಾನ ಇಲ್ಲ. ಅತ್ತಿ ಆ ಕಡಿಂದ ಹೊರಗಿನ ಕಟ್ಟಿ ಮ್ಯಾಲ ಹೋಗ್ಲಿ," ಎಂದಳು.

ನೀಲವ್ವ ಆಗಲೇ ಪೂಜೆ ಶುರು ಮಾಡಿದ್ದಳು. ಬಗ್ಗಲಿಲ್ಲ, ಮೊಣಕಾಲೂರಲಿಲ್ಲ, ನೆಟ್ಟಗೆ ನಿಂತು ಅರಿಸಿನ ಹಚ್ಚಿ, ಕುಂಕುಮವಿಟ್ಟು, ಹೂವೇರಿಸಿದಳು. ಒಳಗೂ ಅಲ್ಲ, ಹೊರಗೂ ಅಲ್ಲ. ನೆಲವೂ ಅಲ್ಲ, ಆಕಾಶವೂ ಅಲ್ಲ. ನರಸಿಂಹದೇವರು ಹುಡುಕಿ ಬಂದು ಕೂರಬಹುದಾದ ಜಾಗ! ಅವಳು ಕಣ್ಮುಚ್ಚಿ ಬಹಳ ಹೊತ್ತು ಕೈಮುಗಿದಳು.

ಅಷ್ಟರಲ್ಲಿ ಚನ್ನವೀರಪ್ಪ ಪಾನಾ, ಸ್ಕ್ರೂಡ್ರೈವರುಗಳ ಚೀಲ ಹೊತ್ತು ಬಂದ. ಹಾರಿ ನೋಡಿದ, ಆಗಲಿಲ್ಲ. ಕೊನೆಗೆ ಚಪ್ಪಲಿ ಬಿಟ್ಟು, ತಲೆ ತಗ್ಗಿಸಿ, ಅಂಬೆಗಾಲಿಟ್ಟು ಹೊಸ್ತಿಲ ಕೆಳಗಿಂದ ನುಸುಳಿ ಒಳಬಂದ.

"ಅತ್ತಾಗ ಸರಿ ಅಕ್ಕಾ, ರಿಪೇರಿ ಮಾಡತೀನಿ."

ನೀಲವ್ವ ಕಣ್ಣು ತೆರೆದು ತಮ್ಮನನ್ನು ನೋಡಿದಳು.

"ಅರವತ್ತನಾಕು ವರ್ಷಕ್ಕ ಹೊಸ್ತಿಲಿಗೆ ತಲಿ ಬಗ್ಗಿಸಿದೀ. ನಿನ್ನ ಮಷಿನ್ ಈಗ ಸರಿ ಆಗೇತಿ. ಇನ್ನ ಮುಟ್ಟಬ್ಯಾಡ."